ಕುಂಚಿಗಿ

ನಾನಿನ್ನೂ ಹೊಟ್ಟೆಯಲ್ಲಿದ್ದೆ, ಏಳು ತುಂಬಿತ್ತು.
ಹಾಗಾಗಿ ಇದು ಕಂಡದ್ದೂ ಅಲ್ಲ, ಪೂರಾ ಕೇಳಿದ್ದೂ ಅಲ್ಲ:
ಅವ್ವ ಬೆಚ್ಚಿದಾಗ
ಒಳಗೆ ನಾನೂ ಒದ್ದೆನಂತೆ.

ಎಳ್ಳಮಾಸಿ. ಡೋಣಿ ದಂಡೆಯ ಎರೆಹೊಲ.
ಎದೆಮಟ್ಟ ಬಿಳಿಜೋಳ, ತೆನೆಯಲ್ಲಿ ಇನ್ನೂ ಹಾಲು.
ಬನ್ನಿಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು,
ಎಡೆ ಹಿಡಿದಾಗಿತ್ತು.
ಅಪ್ಪ ಬುಟ್ಟಿ ಎತ್ತಿ ಚರಗ ಚೆಲ್ಲುತ್ತ
‘ಹುಲ್ಲುಲ್ಲಿಗೋ’ ಎಂದ.
‘ಚಳ್ಳಂಬರಿಗೋ’ ಎನ್ನುವ ಮೊದಲೇ
ಆಕಾಶ ಕೆಮ್ಮಿತು.

ಹೊಗೆಯಿಲ್ಲ, ಬೆಂಕಿಯಿಲ್ಲ.
ಒಂದು ಪಂಖ ತಿರುಗುತ್ತಿತ್ತು,
ಇನ್ನೊಂದು ಕೈಮುಗಿದಂತೆ ನಿಂತಿತ್ತು.
ಬಾಂಬು ಹಾಕುವ ವಿಮಾನವೆಂದು ಆಮೇಲೆ ತಿಳಿಯಿತು;
ಆಗ ಅವ್ವ ನೋಡಿದ್ದು
ಜೋಳದ ಮೇಲೆ ಓಡಿಬಂದ ನೆರಳನ್ನಷ್ಟೇ.
ನೆರಳು ದೇಸಾಯರ ಹೊಲ ದಾಟಿತು, ಕುಸುಬಿಯ ಸಾಲು ದಾಟಿತು,
ಹಿಂದೆಯೇ ವಿಮಾನ, ಹೊಟ್ಟೆಯಿಂದ ಉಳುತ್ತ ಹೋಗಿ
ಎರೆಯಲ್ಲಿ ಮೂಗು ಹುಗಿದು ನಿಂತಿತು.

‘ಮಸಾರಿ ಆಗಿದ್ರ ಐದೂ ಹೆಣ’ ಎನ್ನುತ್ತಿದ್ದ ಅಪ್ಪ.
‘ಎರಿ ತಾಯಿದ್ದಂಗ. ಬಿದ್ದವರನ್ನ ಹಿಡೀತೈತಿ.
ಆಮ್ಯಾಲ ಲಗೂನ ಬಿಡೂದಿಲ್ಲ, ಅಷ್ಟ.’

ಐದು ಮಂದಿ ಇಳಿದರು. ಇಳಿದರು ಎಂದರೆ
ಒಬ್ಬ ಬಿದ್ದ, ಇಬ್ಬರು ಸೇರಿ ಒಬ್ಬನನ್ನು ಎಳೆದರು,
ಕೊನೆಯವನು ಮರಳಿ ಒಳಹೊಕ್ಕು ಟೋಪಿ ತಂದ.
ಆ ಟೋಪಿಗೆ ಅವ್ವ ಐವತ್ತು ವರ್ಷ ನಕ್ಕಳು.
ನಾಲ್ವರು ಬಿಳಿಯರು, ಸಿಪ್ಪೆ ಸುಲಿದ ಶೇಂಗಾದ ಬಣ್ಣ;
ಐದನೆಯವನು ನೆಲ್ಲೂರ ಕಡೆಯ ಹುಡುಗ, ತಂತಿ ಬಡಿಯುವವನು.
‘ನೀಳ್ಳು’ ಎಂದ.
ಅವ್ವನಿಗೆ ‘ನೀರು’ ಎಂದೇ ಕೇಳಿತು.
ತಂಬಿಗೆ ಕೈ ದಾಟಿತು.

ಚರಗದ ಬುಟ್ಟಿ ಅರ್ಧ ಉಳಿದಿತ್ತು.
ಭೂಮಿತಾಯಿಯ ಪಾಲು, ಮನುಷ್ಯರಿಗೆ ಕೊಡಬಾರದು, ಎಂದಳು ಅಜ್ಜಿ.
ಮತ್ತೆ ಆ ಮಣ್ಣು ಮೆತ್ತಿದ ಮೋರೆಗಳನ್ನು ನೋಡಿ
‘ಇವರೂ ಈಗ ಭೂಮ್ಯಾಗಿಂದನ ಎದ್ದಾರ, ಕೊಡು’ ಎಂದಳು.
ಸಜ್ಜಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ.
ದಪ್ಪನೆಯವನು ಒಂದು ಹೋಳಿಗೆ ಕಿಸೆಗಿಟ್ಟುಕೊಂಡ.

ಮೂರನೆಯ ದಿನ ಲಾರಿ ಬಂದು ಅವರನ್ನು ಒಯ್ದಿತು.
ಬೇಸಿಗೆಗೆ ವಿಮಾನವನ್ನೂ ತುಂಡು ತುಂಡಾಗಿ ಒಯ್ದರು.
ಉಳಿದದ್ದು, ಅಂದರೆ ಯಾರೂ ಕೇಳದ್ದು,
ಒಂದು ಗಂಟು: ಬಿಚ್ಚದ ಪ್ಯಾರಾಚೂಟು.
ನೆಲ ಅಷ್ಟು ಹತ್ತಿರವಿತ್ತು,
ಬಿಚ್ಚಲು ಆಕಾಶ ಸಾಲಲಿಲ್ಲ.

ಸಿಂಪಿಗರ ವಿಠೋಬಾ ಕಂದೀಲು ಸಣ್ಣ ಮಾಡಿ ಅದನ್ನು ಕತ್ತರಿಸಿದ.
ಆ ವರ್ಷ ಊರಲ್ಲಿ ಹುಟ್ಟಿದ ಹನ್ನೊಂದು ಕೂಸಿಗೂ
ಒಂದೇ ಬಿಳಿ ರೇಷ್ಮೆಯ ಕುಂಚಿಗಿ.
ನನ್ನದರ ಬೆನ್ನಿಗೆ ಕಪ್ಪು ಮಸಿಯ ಅಂಕಿ, ೪೧೭,
ಸವಳು ಹಚ್ಚಿದರೂ ಹೋಗಲಿಲ್ಲ. ಈಗಲೂ ಇದೆ.

ಹನುಮಪ್ಪನ ಗುಡಿಯ ಮುಂದೆ ಮೂರು ವೀರಗಲ್ಲು.
ದನ ಬಿಡಿಸಲು ಹೋಗಿ ಸತ್ತವನು, ಊರು ಕಾಯುತ್ತ ಸತ್ತವನು,
ಮೂರನೆಯವನು ಯಾಕೆ ಸತ್ತನೋ ಕಲ್ಲಿಗೂ ಮರೆತಿದೆ.
ಬದುಕಿ ಹೋದವರಿಗೆ
ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ.
ಅವ್ವ ಮಾತ್ರ ಬನ್ನಿಗಿಡದ ಕೆಳಗೆ
ಧರ್ಮ, ಭೀಮ ಎಂದು ಎಣಿಸುವುದನ್ನು ಬಿಟ್ಟು
ಸುಣ್ಣ ಬಳಿಯುತ್ತ ಹೇಳುವಳು:
ಟೊಪಿಗಿಯವ, ಹೋಳಿಗಿಯವ, ಕಾಲು ಮುರದವ,
ನೀಳ್ಳಿನವ,
ಸುಮ್ಮನ ಅಳಾಕತ್ತಿದ್ದವ.

ಮುಪ್ಪಿನಲ್ಲೊಮ್ಮೆ ಸುಣ್ಣದ ಕೈ ಎತ್ತಿ ಕೇಳಿದಳು:
‘ನಮ್ಮ ಹೊಲದಾಗ ಬಿದ್ದಾಗ ಅದರ ಹೊಟ್ಟಿ ಖಾಲಿ ಇತ್ತಂತ.
ಮುಂದ ತುಂಬ್ಕೊಂಡು ಹೋಗಿರಬೇಕಲ್ಲ ಅವರು?
ಯಾರ ಹೊಲದಾಗ ಚೆಲ್ಲಿದ್ರೋ.
ಅಲ್ಲಿ ಯಾರು ಬಸರಿದ್ದಳೋ.’
ನನಗೆ ಉತ್ತರ ಬರಲಿಲ್ಲ.
ಐದನೆಯ ಕಲ್ಲಿಗೂ ಅವಳು
ಅಷ್ಟೇ ದಪ್ಪ ಸುಣ್ಣ ಬಳಿದಳು.

ಈ ಸಲ ಬುಟ್ಟಿ ಹಿಡಿದವನು ಮೊಮ್ಮಗ.
‘ಹುಲ್ಲುಲ್ಲಿಗೋ’ ಎಂದ.
ಅವನ ತೋಳು ಹಿಡಿದು ನಿಲ್ಲಿಸಿದೆ, ಒಂದು ಉಸಿರಿನಷ್ಟು,
ಮೇಲೆ ನೋಡಿದೆ.
ಒಂದು ಹದ್ದು ಇತ್ತು, ತನ್ನ ಪಾಡಿಗೆ.
‘ಚಳ್ಳಂಬರಿಗೋ’ ಎಂದೆ.